ಕೊನೆಯ ಪುಟವಿಲ್ಲದ ಸುದ್ದಿ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಮಣ್ಣಿನ ರಾಶಿ ಪಕ್ಕದ ಗಂಗಾವಳಿ ನದಿಗೂ ಜಾರಿತು. ಕಾಣೆಯಾದವರಲ್ಲಿ ಕೇರಳದ ಲಾರಿ ಚಾಲಕರೊಬ್ಬರಿದ್ದರು. ಮಳೆ, ಸೆಳೆತ, ಕೆಸರುಗಳ ನಡುವೆ ಶೋಧ ನಿಂತು ನಿಂತು ಸಾಗಿ, ಲಾರಿ ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಈ ಎರಡು ತಿಂಗಳಿಗೂ ಮೀರಿದ ಅವಧಿಯ ಬಹುಪಾಲು ದಿನಗಳಲ್ಲಿ ನಿಜವಾದ ಹೊಸ ಮಾಹಿತಿ ಮೂರು ನಾಲ್ಕು ವಾಕ್ಯಗಳಲ್ಲಿ ಮುಗಿಯುವಂಥದ್ದು: ನೀರು ಇಳಿದಿಲ್ಲ, ಮುಳುಗು ತಜ್ಞರಿಗೆ ಇಳಿಯಲಾಗಲಿಲ್ಲ, ನಾಳೆ ಮತ್ತೆ ಪ್ರಯತ್ನ. ಫೋನಿನಲ್ಲಿ ಮಾತ್ರ ಅದು ದಿನವಿಡೀ ಹರಿಯಿತು. ಅದೇ ಡ್ರೋನ್ ದೃಶ್ಯ, ಅದಕ್ಕೊಂದು ಹೊಸ ಹಿನ್ನೆಲೆ ಸಂಗೀತ, ಅದರ ಕೆಳಗೆ ಬೈಗುಳ, ಬೈಗುಳಕ್ಕೊಂದು ಉತ್ತರ. ಎರಡು ವಾರ ಕಳೆಯುವಷ್ಟರಲ್ಲಿ ವಯನಾಡಿನ ಭೂಕುಸಿತವೂ ಅದೇ ಪರದೆಗೆ ಬಂತು. ರಾತ್ರಿ ಹನ್ನೆರಡರವರೆಗೆ ಹೆಬ್ಬೆರಳು ಆಡಿಸುತ್ತಿದ್ದವರು ಮಲಗುವ ಹೊತ್ತಿಗೆ ಸಂಜೆ ಏಳಕ್ಕೆ ಗೊತ್ತಿದ್ದುದಕ್ಕಿಂತ ಹೆಚ್ಚೇನನ್ನೂ ತಿಳಿದುಕೊಂಡಿರಲಿಲ್ಲ. ಕೆಟ್ಟ ಸುದ್ದಿಯನ್ನು ಹೀಗೆ ಅಗೆದು ಅಗೆದು ನೋಡುವ ಚಟವನ್ನು ಕೆಲವರು ಇಚ್ಛಾಶಕ್ತಿಯ ಕೊರತೆ ಎಂದು ಬೈಯುತ್ತಾರೆ, ಕೆಲವರು ಸಮಾಜದ ಮೇಲಿನ ಕಾಳಜಿ ಎಂದು ಸಮರ್ಥಿಸಿಕೊಳ್ಳುತ್ತಾರೆ. ಇಬ್ಬರೂ ಗಮನಿಸದ ಸಂಗತಿ ಒಂದಿದೆ: ನೋಡುವುದನ್ನು ನಿಲ್ಲಿಸಲು ಮೊದಲು ಇದ್ದ ಜಾಗಗಳನ್ನು ಬೇಕೆಂದೇ ತೆಗೆದುಹಾಕಲಾಗಿದೆ. ಅವನ್ನು ಮತ್ತೆ ಕಟ್ಟಿಕೊಳ್ಳದೆ ಬರೀ ಸಂಕಲ್ಪದಿಂದ ಈ ಅಭ್ಯಾಸ ಹೋಗುವುದಿಲ್ಲ.

ಪತ್ರಿಕೆಗೆ ಕೊನೆಯ ಪುಟವಿದೆ. ಆಕಾಶವಾಣಿಯ ಪ್ರದೇಶ ಸಮಾಚಾರ ಮುಗಿಯಿತೆಂದು ಓದುವವರೇ ಹೇಳುತ್ತಾರೆ. ಮೊದಮೊದಲ ವೆಬ್‌ಸೈಟುಗಳಲ್ಲೂ ಪುಟದ ತಳಕ್ಕೆ ಬಂದು ಮುಂದಿನ ಪುಟಕ್ಕೆ ಒತ್ತಬೇಕಿತ್ತು. ಒತ್ತಬೇಕೋ ಬೇಡವೋ ಎಂದು ಯೋಚಿಸಲು ಅರೆಕ್ಷಣ ಸಿಗುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ರೂಪಿಸಿದ ಕೊನೆಯಿಲ್ಲದ ಸ್ಕ್ರೋಲ್ ಆ ಅರೆಕ್ಷಣವನ್ನು ಅಳಿಸಿತು. ಪರದೆಯನ್ನು ಕೆಳಕ್ಕೆಳೆದು ಬಿಟ್ಟರೆ ಹೊಸದೇನಾದರೂ ಉದುರುವ ವಿನ್ಯಾಸ ಲೊರೆನ್ ಬ್ರಿಕ್ಟರ್ ಅವರದು. ಇಬ್ಬರೂ ಮುಂದೆ ತಮ್ಮ ಸೃಷ್ಟಿಯ ಪರಿಣಾಮದ ಬಗ್ಗೆ ಬಹಿರಂಗವಾಗಿಯೇ ವಿಷಾದಿಸಿದರು. ಎಳೆದಾಗಲೆಲ್ಲ ಏನಾದರೂ ಸಿಗುವುದಾದರೆ ಬೇಗ ಬೇಸರ ಬರುತ್ತದೆ. ಎಂದೂ ಏನೂ ಸಿಗದಿದ್ದರೆ ಕೈ ತಾನೇ ಬಿಡುತ್ತದೆ. ಯಾವಾಗ ಸಿಗುತ್ತದೆಂದು ತಿಳಿಯದಿದ್ದಾಗಲೇ ಕೈ ಅಂಟಿಕೊಳ್ಳುವುದು. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ಕಳೆದ ಶತಮಾನದ ಮಧ್ಯಭಾಗದಲ್ಲೇ ತೋರಿಸಿದ್ದರು. ಜೂಜಿನ ಯಂತ್ರ ನಡೆಯುವುದೂ ಇದೇ ಸೂತ್ರದ ಮೇಲೆ. ತಪ್ಪು ಒಂದೆರಡು ಆ್ಯಪ್‌ಗಳದ್ದು ಮಾತ್ರ ಎನ್ನುವವರು ನಮ್ಮ ದೇಶದಲ್ಲೇ ನಡೆದುಹೋದದ್ದನ್ನು ನೆನೆಯಬೇಕು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಜುಲೈ ಎರಡನೇ ವಾರದೊಳಗೆ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರುಮಾಡಿತ್ತು. ಬೆಂಗಳೂರಿನ ಶೇರ್‌ಚಾಟ್ ಕಂಪನಿ ಮೋಜ್ ಎಂಬ ಆ್ಯಪನ್ನು ಹೊರತಂದಿತ್ತು. ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ, ಆ ವಿಚಾರ ಬೇರೆ. ಆದರೆ ಆ್ಯಪ್ ಹೋಯಿತು, ಹೆಬ್ಬೆರಳಿನ ಚಲನೆ ಒಂದು ದಿನವೂ ನಿಲ್ಲಲಿಲ್ಲ.

ಕೊನೆಯಿಲ್ಲದ ಈ ಹರಿವಿನಲ್ಲಿ ಕೆಟ್ಟದ್ದೇ ಏಕೆ ತೇಲಿಬರುತ್ತದೆ? ಅಪಾಯದ ಸುಳಿವಿಗೆ ಮೊದಲು ಕಿವಿಗೊಡುವುದು ಮನುಷ್ಯನ ಹಳೆಯ ಗುಣ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆ ಗುಣವನ್ನು ಲೆಕ್ಕಹಾಕಿ ಮಾರಬಹುದೆಂದು ಗೊತ್ತಾದದ್ದು ಮಾತ್ರ ಇತ್ತೀಚೆಗೆ. ಅಪ್‌ವರ್ದಿ ಎಂಬ ಅಮೆರಿಕನ್ ಜಾಲತಾಣ ಒಂದೇ ಸುದ್ದಿಗೆ ಹಲವು ತಲೆಬರಹ ಕೊಟ್ಟು ಯಾವುದಕ್ಕೆ ಓದುಗರು ಹೆಚ್ಚು ಒತ್ತುತ್ತಾರೆಂದು ಪರೀಕ್ಷಿಸುತ್ತಿತ್ತು. ಹಾಗೆ ಉಳಿದ ಒಂದು ಲಕ್ಷಕ್ಕೂ ಹೆಚ್ಚು ತಲೆಬರಹಗಳನ್ನು ಸಂಶೋಧಕರು ವಿಶ್ಲೇಷಿಸಿ 2023ರಲ್ಲಿ ಪ್ರಕಟಿಸಿದರು. ಸಾಮಾನ್ಯ ಉದ್ದದ ತಲೆಬರಹಕ್ಕೆ ನಕಾರಾತ್ಮಕ ಪದವೊಂದು ಸೇರಿದರೆ ಒತ್ತುವವರ ಪ್ರಮಾಣ ಶೇ 2.3ರಷ್ಟು ಏರುತ್ತಿತ್ತು, ಒಳ್ಳೆಯ ಪದ ಸೇರಿದರೆ ಇಳಿಯುತ್ತಿತ್ತು. ಸಣ್ಣ ಅಂಕಿ ಎನಿಸಬಹುದು. ದಿನಕ್ಕೆ ನೂರಾರು ಸಲ, ಕೋಟ್ಯಂತರ ಜನರ ಮೇಲೆ ಅದೇ ಆಯ್ಕೆ ನಡೆದಾಗ ಫೀಡ್ ಯಾವ ಬಣ್ಣಕ್ಕೆ ತಿರುಗುತ್ತದೆಂದು ಊಹಿಸಬಹುದು. 'ಶಾಕಿಂಗ್', 'ಬೆಚ್ಚಿಬೀಳಿಸುವ' ಎಂಬ ಪದಗಳಿಲ್ಲದೆ ದಿನ ದೂಡಲಾರದ ಕನ್ನಡದ ಸುದ್ದಿ ಪೋರ್ಟಲ್‌ಗಳೂ ಈ ಪಾಠವನ್ನು ಯಾರಿಂದಲೂ ಹೇಳಿಸಿಕೊಳ್ಳದೆ ಕಲಿತಿವೆ. ಫೇಸ್‌ಬುಕ್ಕಿನದು ಇನ್ನೂ ನೇರವಾದ ಕಥೆ. 2021ರಲ್ಲಿ ಹೊರಬಿದ್ದ ಕಂಪನಿಯ ಒಳದಾಖಲೆಗಳ ಪ್ರಕಾರ, 2017ರಿಂದ ಕೋಪದ ಮುಖವೂ ಸೇರಿದಂತೆ ಇಮೋಜಿ ಪ್ರತಿಕ್ರಿಯೆಗಳಿಗೆ ಲೈಕ್‌ನ ಐದು ಪಟ್ಟು ತೂಕ ಕೊಡಲಾಗಿತ್ತು. 2020ರಲ್ಲಿ ಕೋಪದ ತೂಕವನ್ನು ಸೊನ್ನೆಗೆ ಇಳಿಸಿದಾಗ ಸುಳ್ಳು ಮಾಹಿತಿ, ಮನಕಲಕುವ ಪೋಸ್ಟ್‌ಗಳು ಕಡಿಮೆಯಾದವು. ಜನ ಫೇಸ್‌ಬುಕ್ ಬಳಸುವುದೇನೂ ಕಡಿಮೆಯಾಗಲಿಲ್ಲ. ಅಂದರೆ ಜನ ಕೇಳಿದ್ದನ್ನೇ ಕೊಟ್ಟೆವು ಎಂಬ ಕಂಪನಿಗಳ ಮಾಮೂಲಿ ಉತ್ತರಕ್ಕೆ ಅವರದೇ ಲೆಕ್ಕ ಸಾಕ್ಷಿ ಹೇಳುವುದಿಲ್ಲ.

ಇದರಿಂದ ಹಾನಿ ಎಷ್ಟು ಎಂಬಲ್ಲಿ ಎಚ್ಚರದಿಂದ ಮಾತಾಡಬೇಕು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟಿಸಿದ ನಂತರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನ ಪ್ರಸಿದ್ಧ. ಸ್ಫೋಟದ ಮರುವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಆ ಸುದ್ದಿ ನೋಡಿದವರು, ಸ್ಫೋಟವನ್ನು ನೇರವಾಗಿ ಎದುರಿಸಿದವರಿಗಿಂತ ಹೆಚ್ಚಿನ ತೀವ್ರ ಒತ್ತಡದ ಲಕ್ಷಣಗಳನ್ನು ಹೇಳಿಕೊಂಡರು. ಮೊದಲೇ ಆತಂಕದ ಸ್ವಭಾವದವರು ಹೆಚ್ಚು ನೋಡಿರಬಹುದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆಂದೇ ಅದೇ ತಂಡ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಮೂರು ವರ್ಷ ಹಿಂಬಾಲಿಸಿತು. 2016ರಲ್ಲಿ ಒರ್ಲಾಂಡೊದ ನೈಟ್‌ಕ್ಲಬ್‌ನಲ್ಲಿ ಗುಂಡಿನ ದಾಳಿ ನಡೆದಾಗ, ಬಾಸ್ಟನ್ ಸುದ್ದಿಯನ್ನು ಅತಿಯಾಗಿ ನೋಡಿ ನೊಂದವರೇ ಮುಂದೇನಾಗುವುದೋ ಎಂಬ ಭಯದಲ್ಲಿ ಇದನ್ನೂ ಹೆಚ್ಚು ನೋಡಿದ್ದರು, ಮತ್ತೆ ನೊಂದಿದ್ದರು. ಆತಂಕ ನೋಡಿಸುತ್ತದೆ, ನೋಡಿದ್ದು ಆತಂಕ ಹೆಚ್ಚಿಸುತ್ತದೆ. ಯಾವುದು ಮೊದಲು ಎಂಬ ಜಗಳಕ್ಕಿಂತ, ಈ ಸುತ್ತು ತಾನಾಗಿ ನಿಲ್ಲುವಂಥದ್ದಲ್ಲ ಎನ್ನುವುದು ಮುಖ್ಯ.

ಸಂಶಯವಾದಿಗಳ ಕೈಯಲ್ಲಿ ಇನ್ನೊಂದು ಗಟ್ಟಿ ಅಸ್ತ್ರವಿದೆ. 2019ರಲ್ಲಿ ಆಕ್ಸ್‌ಫರ್ಡ್‌ನ ಏಮಿ ಓರ್ಬೆನ್ ಮತ್ತು ಆಂಡ್ರೂ ಪ್ರಿಬಿಲ್‌ಸ್ಕಿ ದೊಡ್ಡ ದತ್ತಾಂಶಗಳನ್ನು ಜಾಲಾಡಿ, ಹದಿಹರೆಯದವರ ಕ್ಷೇಮದಲ್ಲಿ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ತಂತ್ರಜ್ಞಾನದ ಬಳಕೆಗೆ ಹೊಂದುವ ಪಾಲು ಹೆಚ್ಚೆಂದರೆ ಶೇ 0.4 ಎಂದು ತೋರಿಸಿದರು. ಕಾದಂಬರಿ, ಸಿನಿಮಾ, ಟಿ.ವಿ. ಬಂದಾಗಲೂ ಹಿರಿಯರು ಹೀಗೇ ಗಾಬರಿಯಾಗಿರಲಿಲ್ಲವೇ ಎಂದು ಇದನ್ನು ಹಿಡಿದು ಕೇಳುವವರಿದ್ದಾರೆ. ಆ ಅಧ್ಯಯನವನ್ನು ನಾನು ಒಪ್ಪುತ್ತೇನೆ. ಅದು ಅಳೆದದ್ದು ಒಟ್ಟು ಬಳಕೆಯನ್ನು. ದುಬೈಯಲ್ಲಿರುವ ಮಗನೊಡನೆ ತಾಯಿ ಮಾಡುವ ವಿಡಿಯೊ ಕಾಲ್, ಯಕ್ಷಗಾನದ ಹಳೆಯ ಧ್ವನಿಮುದ್ರಿಕೆ, ನಡುರಾತ್ರಿ ನೋಡುವ ಶವಗಳ ಚಿತ್ರ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಉತ್ತರ ಸೊನ್ನೆಯ ಹತ್ತಿರ ಬರುವುದರಲ್ಲಿ ಅಚ್ಚರಿಯಿಲ್ಲ. ನನ್ನ ತಕರಾರು ಪರದೆಯ ಮೇಲಲ್ಲ, ಆ ಮೂರನೆಯದರ ಮೇಲೆ.

ಹೆಚ್ಚು ತೂಕದ ಆಕ್ಷೇಪ ನೈತಿಕವಾದದ್ದು. ಪಕ್ಕದ ಊರಿನಲ್ಲಿ ಗುಡ್ಡ ಕುಸಿದಾಗ ನೆಮ್ಮದಿಗೋಸ್ಕರ ಕಣ್ಣು ಮುಚ್ಚಿಕೊಳ್ಳುವುದು ಉಳ್ಳವರ ಸೌಲಭ್ಯವಲ್ಲವೇ? 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಾಸಿಗೆ, ಆಮ್ಲಜನಕ ಹುಡುಕುತ್ತಿದ್ದವರಿಗೆ ದಾರಿ ತೋರಿದ್ದು ಟ್ವಿಟರ್ ಮತ್ತು ವಾಟ್ಸ್‌ಆ್ಯಪ್ ಗುಂಪುಗಳೇ ಅಲ್ಲವೇ? ಹೌದು. ಆ ಉದಾಹರಣೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಆಮ್ಲಜನಕ ಹುಡುಕುತ್ತಿದ್ದವರ ಕೈಯಲ್ಲಿ ಪ್ರಶ್ನೆಯಿತ್ತು. ಸಿಲಿಂಡರ್ ಸಿಕ್ಕೊಡನೆ ಹುಡುಕಾಟ ಮುಗಿಯುತ್ತಿತ್ತು. ಅದೇ ತಿಂಗಳು ಚಿತಾಗಾರದ ಮುಂದಿನ ಆಂಬುಲೆನ್ಸ್ ಸಾಲನ್ನು ಮತ್ತೆ ಮತ್ತೆ ನೋಡುತ್ತಿದ್ದವರ ಕೈಯಲ್ಲಿ ಪ್ರಶ್ನೆ ಇರಲಿಲ್ಲ, ಹಾಗಾಗಿ ಉತ್ತರವೂ ಸಿಗುವಂತಿರಲಿಲ್ಲ. ಮೊದಲಿನವರು ಫೋನನ್ನು ಬಳಸಿದರು, ಎರಡನೆಯವರನ್ನು ಫೋನ್ ಬಳಸಿಕೊಂಡಿತು. ನೋಡುತ್ತ ಕೂತವರ ಮರುಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಯಾರ ಮನೆಗೂ ತಲುಪಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಸುದ್ದಿಯಿಂದ ದೂರವಾದರೆ ಅಜ್ಞಾನ ಹೆಚ್ಚುತ್ತದೆ ಎಂಬ ಅಳುಕಿಗೂ ಆಧಾರವಿದೆ, ಮುಚ್ಚಿಡಬಾರದು. 2018ರ ಅಮೆರಿಕದ ಮಧ್ಯಂತರ ಚುನಾವಣೆಗೆ ಮುನ್ನ ಅರ್ಥಶಾಸ್ತ್ರಜ್ಞರ ತಂಡವೊಂದು ಹಣ ಕೊಟ್ಟು ಜನರನ್ನು ನಾಲ್ಕು ವಾರ ಫೇಸ್‌ಬುಕ್ಕಿನಿಂದ ಹೊರಗಿಟ್ಟಿತು. ಅವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸಿನ ನೆಮ್ಮದಿ ತುಸು ಏರಿತು, ರಾಜಕೀಯ ಕಹಿ ಇಳಿಯಿತು. ಸುದ್ದಿಯ ತಿಳಿವಳಿಕೆಯೂ ಸ್ವಲ್ಪ ಕುಸಿಯಿತು. ಆದ್ದರಿಂದ ಸುದ್ದಿಯನ್ನೇ ಬಿಟ್ಟುಬಿಡಿ ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಕೊನೆಯಿರುವ ಸುದ್ದಿಯನ್ನು ಹೊತ್ತು ಗೊತ್ತುಮಾಡಿಕೊಂಡು ಓದಿ ಎನ್ನಬಹುದು. ಪತ್ರಿಕೆಯಲ್ಲೇ ಕೂತು ಪತ್ರಿಕೆ ಓದಿ ಎನ್ನುವುದರಲ್ಲಿ ಸ್ವಾರ್ಥದ ವಾಸನೆ ಇರುವುದು ನಿಜ. ರೇಡಿಯೊ ವಾರ್ತೆ ಕೇಳಿದರೂ ನನ್ನ ವಾದ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ.

ಹಾಗಾದರೆ ಬಿಡಿಸಿಕೊಳ್ಳುವುದು ಹೇಗೆ? ವಯಸ್ಕರು ತಮಗೆ ಬೇಕಾದ್ದನ್ನು ನೋಡುತ್ತಾರೆ, ಅದರಲ್ಲಿ ತಲೆಹಾಕಲು ನೀವ್ಯಾರು ಎನ್ನುವವರಿದ್ದಾರೆ. ಬೇಕಾದ್ದನ್ನು ನೋಡುತ್ತಿದ್ದಾರೆಯೇ ಎಂಬುದೇ ಪ್ರಶ್ನೆ. ಅರ್ಥಶಾಸ್ತ್ರಜ್ಞ ಹಂಟ್ ಆಲ್‌ಕಾಟ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಸಾಮಾಜಿಕ ಮಾಧ್ಯಮ ಬಳಕೆಯ ಶೇ 31ರಷ್ಟು, ಬಳಸುವವರೇ ಬೇಡವೆಂದುಕೊಂಡರೂ ಸ್ವನಿಯಂತ್ರಣ ಸಾಲದೆ ನಡೆಯುವಂಥದ್ದು. ಬೇಡವೆನ್ನುವ ಮನಸ್ಸು ಇದ್ದೇ ಇದೆ, ಅದಕ್ಕೆ ನಿಲ್ಲಲು ಜಾಗವಿಲ್ಲ. ಜಾಗ ಕೊಟ್ಟರೆ ಏನಾಗುತ್ತದೆಂಬುದಕ್ಕೂ ಪ್ರಯೋಗವಿದೆ. ಸಾಮಾಜಿಕ ಮಾಧ್ಯಮದ ಆ್ಯಪನ್ನು ತೆರೆಯಲು ಹೋದಾಗ ಕೆಲವು ಕ್ಷಣ ತಡೆದು, ನಿಜವಾಗಿ ತೆರೆಯಬೇಕೇ ಎಂದು ಕೇಳುವ ಒಂದು ಸಾಧನವನ್ನು ಜರ್ಮನಿಯ ಸಂಶೋಧಕರು ಪರೀಕ್ಷಿಸಿದರು. ಶೇ 36ರಷ್ಟು ಸಲ ಜನ ಒಳಹೋಗದೆ ಹಿಂದಿರುಗಿದರು. ಆರು ವಾರಗಳಲ್ಲಿ ತೆರೆಯುವ ಪ್ರಯತ್ನಗಳೇ ಮೂರನೇ ಒಂದಕ್ಕಿಂತ ಹೆಚ್ಚು ಕಡಿಮೆಯಾದವು. ಯಾರನ್ನೂ ಬೈಯಲಿಲ್ಲ, ಏನನ್ನೂ ನಿಷೇಧಿಸಲಿಲ್ಲ, ಕಳೆದುಹೋಗಿದ್ದ ಅರೆಕ್ಷಣವನ್ನು ಮರಳಿಸಿದರು ಅಷ್ಟೇ. ವಾರಾಂತ್ಯದ ಡಿಜಿಟಲ್ ಉಪವಾಸದ ಮೇಲೆ ನನಗೆ ಭರವಸೆ ಕಡಿಮೆಯಿರುವುದೂ ಇದಕ್ಕೇ. ಏಕಾದಶಿಯ ಉಪವಾಸ ದ್ವಾದಶಿಯ ಊಟವನ್ನು ಬದಲಿಸಿದ್ದು ಕಡಿಮೆ. ಬದಲಿಸಬೇಕಾದದ್ದು ನಿತ್ಯದ ಏರ್ಪಾಡನ್ನು: ಆ್ಯಪನ್ನು ಫೋನಿನಿಂದ ತೆಗೆದು ಕಂಪ್ಯೂಟರಿನಲ್ಲಿ ಲಾಗಿನ್ ಮಾಡಿ ನೋಡುವುದು, ಯೂಟ್ಯೂಬಿನ ವೀಕ್ಷಣೆಯ ಇತಿಹಾಸವನ್ನು ಅಳಿಸಿ ನಿಲ್ಲಿಸಿ ಅದರ ಮುಖಪುಟವನ್ನು ಖಾಲಿಯಾಗಿಸುವುದು, ಬ್ರೇಕಿಂಗ್ ನ್ಯೂಸಿನ ನೋಟಿಫಿಕೇಶನ್ ಮುಚ್ಚುವುದು, ಮಲಗುವ ಕೋಣೆಗೆ ಹತ್ತಿಪ್ಪತ್ತು ವರ್ಷ ಹಿಂದಿನ ಅಲಾರಂ ಗಡಿಯಾರವನ್ನು ಮರಳಿ ತಂದು ಫೋನನ್ನು ಹೊರಗೆ ಚಾರ್ಜಿಗಿಡುವುದು. ಇಷ್ಟಕ್ಕೂ ಜಗ್ಗದೆ ನಿದ್ದೆ, ಕೆಲಸ, ಸಂಬಂಧಗಳು ಕೆಡುತ್ತಿದ್ದರೆ ಅದು ವೈದ್ಯರ ಬಳಿ ಹೋಗುವ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ 'ಷಟ್' ಎಂಬ ಕ್ಲಿನಿಕ್ ನಡೆಯುತ್ತಿದೆ.

ಒಬ್ಬೊಬ್ಬರೇ ಹೋರಾಡುವುದಕ್ಕಿಂತ ಒಟ್ಟಾಗಿ ನಿಲ್ಲುವುದು ಸುಲಭ ಎಂಬುದಕ್ಕೆ ಸಾಕ್ಷಿ ಬೆಳಗಾವಿಯ ನೆರೆಯ ಸಾಂಗ್ಲಿ ಜಿಲ್ಲೆಯಲ್ಲಿದೆ. ಅಲ್ಲಿನ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಗ್ರಾಮಸಭೆ ಸೇರಿ ತೀರ್ಮಾನಿಸಿತು. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಟಿ.ವಿ., ಮೊಬೈಲ್ ಬಂದ್. ಎಂಟೂವರೆಗೆ ಮತ್ತೆ ಕೂಗುವವರೆಗೆ ಓದು, ಮಾತು. ಮಕ್ಕಳ ಓದಿಗಾಗಿ ಶುರುವಾದ ಈ ನಿಯಮ ದೊಡ್ಡವರಿಗೂ ಅನ್ವಯಿಸುತ್ತದೆ ಎಂಬುದೇ ಅದರ ಜೀವಾಳ. ನಮ್ಮ ಮನೆಗಳಲ್ಲಿ ಮಗುವಿನ ಕೈಯಿಂದ ಫೋನ್ ಕಿತ್ತುಕೊಂಡ ಅಪ್ಪ ಮರುಕ್ಷಣ ತನ್ನದನ್ನು ತೆರೆಯುತ್ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸೈರನ್ ನಡೆಯಲಿಕ್ಕಿಲ್ಲ, ರಾತ್ರಿ ಪಾಳಿಯವರಿಗೂ ಡೆಲಿವರಿ ಹುಡುಗರಿಗೂ ಏಳು ಗಂಟೆ ದುಡಿಮೆಯ ಹೊತ್ತು. ಊಟದ ಹೊತ್ತನ್ನಾದರೂ ಒಂದು ಮನೆ ತೀರ್ಮಾನಿಸಬಹುದು.

ಇಷ್ಟೆಲ್ಲ ಹೊರೆಯನ್ನು ಬಳಸುವವರ ತಲೆಯ ಮೇಲೇ ಹೊರಿಸುವುದು ಮಾತ್ರ ನ್ಯಾಯವಲ್ಲ. ಯುರೋಪಿನ ಡಿಜಿಟಲ್ ಸೇವಾ ಕಾಯ್ದೆ ಬಳಕೆದಾರರ ಜಾಡು ಹಿಡಿಯದ ಫೀಡ್‌ನ ಆಯ್ಕೆಯನ್ನು ದೊಡ್ಡ ಕಂಪನಿಗಳು ಕೊಡಲೇಬೇಕೆನ್ನುತ್ತದೆ. ವಿಡಿಯೊ ನೋಡಿದ್ದಕ್ಕೆ ಬಹುಮಾನದ ಅಂಕ ಕೊಡುತ್ತಿದ್ದ ಟಿಕ್‌ಟಾಕ್ ಲೈಟ್‌ನ ಯೋಜನೆಯನ್ನು ಅದೇ ಕಾಯ್ದೆಯ ಒತ್ತಡಕ್ಕೆ ಮಣಿದು 2024ರಲ್ಲಿ ಅಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ನಡವಳಿಕೆಯ ಜಾಡು ಹಿಡಿಯುವುದನ್ನು, ಅವರಿಗೆ ಗುರಿಯಿಟ್ಟ ಜಾಹೀರಾತು ತೋರಿಸುವುದನ್ನು ತಡೆಯುವ ನಿಯಮ ಹೊಂದಿದೆ. ಫೀಡ್‌ಗೆ ಕೊನೆ ಇರಬೇಕೇ, ವಿಡಿಯೊ ತಾನಾಗಿ ಶುರುವಾಗುವುದು ಆರಂಭದಿಂದಲೇ ಬಂದ್ ಆಗಿರಬೇಕೇ ಎಂಬ ಪ್ರಶ್ನೆಗಳನ್ನು ಅದು ಕೇಳುವುದೇ ಇಲ್ಲ. ಸಿಗರೇಟಿನ ಪೊಟ್ಟಣದ ಮೇಲೆ ಎಷ್ಟು ಭಾಗ ಎಚ್ಚರಿಕೆಯ ಚಿತ್ರವಿರಬೇಕೆಂದು ಲೆಕ್ಕಹಾಕಿ ಕಾನೂನು ಮಾಡಿದ ಸರ್ಕಾರಕ್ಕೆ, ಆ್ಯಪ್‌ಗಳ ವಿನ್ಯಾಸದಲ್ಲಿ ಈ ಎರಡು ಬದಲಾವಣೆ ಕೇಳುವುದು ಕಷ್ಟದ ಕೆಲಸವಲ್ಲ. ಶಿರೂರಿನಂಥ ಸುದ್ದಿ ಮಾರಿ ಜಾಹೀರಾತು ಗಳಿಸುವ ಕಂಪನಿಗಳು ತಾವಾಗಿ ಅದನ್ನು ಮಾಡಿಯಾವೆಂದು ಕಾಯುವುದಕ್ಕೆ ಕಾರಣ ಕಾಣುವುದಿಲ್ಲ.