ಹೈನಿನ ಹಿರಿಯರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹೈನು ಮಾಡಿ ಮಕ್ಕಳನ್ನು ಓದಿಸಿ, ಮದುವೆ ಮಾಡಿ, ಮುಪ್ಪಿನಲ್ಲಿ ಕೊಟ್ಟಿಗೆಯನ್ನು ಮಗ-ಸೊಸೆಗೆ ಒಪ್ಪಿಸಿದ ಮುತ್ಯಾಗಳು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಶ್ರದ್ಧಾಂಜಲಿಯ ಫಲಕದಲ್ಲಿ ಮೊಮ್ಮಕ್ಕಳ ಹೆಸರು ಇರುತ್ತದೆ. ಸಾಕಿದ ದನದ ಮಾತು ಇರುವುದಿಲ್ಲ. (ಹಾಲು ಹಿಂಡಿದ ಕೈ ಬಹಳ ಮನೆಗಳಲ್ಲಿ ಅವ್ವನದು, ಆಕೆಯ ಮಾತಂತೂ ದೂರವೇ ಉಳಿಯಿತು.)

ನಷ್ಟವಾಗುವುದು ಇಲ್ಲಿಯೇ. 19ನೆಯ ಶತಮಾನದ ಕೊನೆಗೆ ದಕ್ಷಿಣ ಮರಾಠಾ ಸಂಸ್ಥಾನಿಕರು ಗಿರ್, ಓಂಗೋಲ್ ಮೊದಲಾದ ತಳಿಗಳನ್ನು ಬೆರೆಸಿ, ಎರೆಭೂಮಿಯ ದುಡಿಮೆಗೆಂದು ಬೆಳೆಸಿದ ಕೃಷ್ಣಾ ಕಣಿವೆ ತಳಿ ಇಂದು ವಿರಳ. ಯಾವ ಮನೆಯ ಆಕಳು, ಯಾವ ಊರಿನ ಹೋರಿ ಎಂಬ ವಂಶಾವಳಿ ಈ ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ.

ಮೇವಿನ ತಿಳಿವಳಿಕೆಯೂ ಹಾಗೆಯೇ. ಜೋಳದ ಹೊಲಗಳು ಕಬ್ಬಿಗೆ ತಿರುಗಿ ಕಣಿಕಿ ಕಡಿಮೆಯಾಯಿತು. ಬರಿಯ ಕಬ್ಬಿನ ತುದಿ ಹಾಕಬೇಡಿರಿ ಎಂದು ಮುದುಕರು ಗದರುವುದು ಸುಮ್ಮನಲ್ಲ. ಅದರಲ್ಲಿರುವ ಆಕ್ಸಲೇಟು ಸುಣ್ಣದಂಶವನ್ನು ದನದ ಮೈಗೆ ಹತ್ತಗೊಡುವುದಿಲ್ಲ. ಖನಿಜ ಮಿಶ್ರಣ ಕೊಡದಿದ್ದರೆ ಈದ ಎಮ್ಮೆ ಸೊರಗುತ್ತದೆ.

ರೈತಬಾಂಧವರೆ, ಹಾಲಿನ ಸಂಘದ ಸಭೆಯಲ್ಲಿ ಎರಡು ನಿಮಿಷ ಮೌನ ನಿಂತರೆ ಸಾಲದು. ಹಿರಿಯರು ಇರುವಾಗಲೇ ಕೇಳಿ ಬರೆದಿಡಲು ಪ್ರತಿ ಸಂಘವೂ ಒಂದು ವಹಿ ತೆರೆಯಲಿ. ಬರೆಯಲು ಶಾಲೆಗೆ ಹೋಗುವ ಮೊಮ್ಮಕ್ಕಳು ಮನೆಯಲ್ಲಿಯೇ ಇದ್ದಾರೆ.