ಶ್ತೋ ಬಲೀತ್? ಏನ್ ನೋಯ್ತದವಾ?



ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ರಷ್ಯನ್ ಪಾಠ ನಡೆದಿದೆ. ಮೊಮ್ಮಗಳು ಡಾಕ್ಟರ್ ಓದಲು ರಷ್ಯಾಕ್ಕೆ ಹೊರಟಿದ್ದಾಳೆ. ಅವಳ ಜೋಡಿ ಎಪ್ಪತ್ತು ದಾಟಿದ ನಾನೂ ನೋಟ್‌ಬುಕ್ ಹಿಡಿದು ಕೂಡುತ್ತೇನೆ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯವರದು ಒಂದೇ ಪ್ರಶ್ನೆ: "ಅಲ್ಲಿ ಪಾಠ ಇಂಗ್ಲಿಷಿನ್ಯಾಗ ಇರ್ತದಲ್ರೀ, ರಷ್ಯನ್ ಯಾಕ ಬೇಕು?"

ಪಾಠ ಇಂಗ್ಲಿಷಿನಲ್ಲೇ, ನಿಜ. ವಿದೇಶದಲ್ಲಿ ಓದಿ ಬಂದವರು ಇಲ್ಲಿ ಡಾಕ್ಟರಾಗಲು ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳು ಓದಿರಬೇಕೆಂದು ನಮ್ಮ ದೇಶದ 2021ರ ನಿಯಮವೇ ಹೇಳುತ್ತದೆ. ಆದರೆ ಓದಿದ ಸಂಸ್ಥೆಯಲ್ಲೇ 12 ತಿಂಗಳ ಇಂಟರ್ನ್‌ಷಿಪ್ ಆಗಬೇಕೆಂದೂ ಅದೇ ನಿಯಮ ಹೇಳುತ್ತದೆ. ಹಾಸಿಗೆ ಹಿಡಿದ ರಷ್ಯದ ಅಜ್ಜಿಗೆ ಇಂಗ್ಲಿಷ್ ಬರಬೇಕಲ್ಲ? ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ, ಉರ್ದು, ಮರಾಠಿ ಎಲ್ಲ ಕೇಳಿದವನು ನಾನು. ರೊಕ್ಕದ ಚಿಂತೆಯನ್ನೇ ಜನ ತಮ್ಮ ಮನೆಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ಇನ್ನು ನೋವಿನ ಮಾತೇನು?

ಅದಕ್ಕೇ ನಾವು ಕಲಿತ ಮೊದಲ ವಾಕ್ಯ "ಶ್ತೋ ಬಲೀತ್?" ಅಂದರೆ, ಏನು ನೋಯುತ್ತದೆ? ಉತ್ತರ, "ಊ ಮಿನ್ಯಾ ಬಲೀತ್ ಗಲವಾ." ನನಗೆ ತಲೆ ನೋಯುತ್ತದೆ. ಇಂಗ್ಲಿಷಿನಲ್ಲಿ 'ಐ ಹ್ಯಾವ್ ಎ ಹೆಡೇಕ್' ಎನ್ನಬೇಕು. ರಷ್ಯದವರು ನಮ್ಮ ಹಾಗೆ ತಲೆಯೇ ನೋಯುತ್ತದೆ ಎನ್ನುತ್ತಾರೆ. "ಇಂಗ್ಲಿಷಿನ ಕಡಿಂದ ಹೋಗಬ್ಯಾಡವಾ, ಕನ್ನಡದ ದಾರಿ ಹಿಡಿ" ಎಂದು ಅವತ್ತೇ ಹೇಳಿದೆ.

ದಾರಿ ಸಲೀಸಾಗಿಯೇ ಇದೆ. 'ಇದು ಮನೆ' ಎನ್ನಲು ರಷ್ಯನ್‌ನಲ್ಲಿ "ಎತ ದೋಮ್". ನಮ್ಮಂತೆಯೇ ಎರಡೇ ಪದ. ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ನೆನಪಿದೆಯೇ? ನಮಗೆ ಏಳು, ಅವರಿಗೆ ಆರು. 'ಕ್ನೀಗ' ಅಂದರೆ ಪುಸ್ತಕ, 'ಕ್ನೀಗು' ಅಂದರೆ ಪುಸ್ತಕವನ್ನು. ನೀನು, ನೀವು ಎಂಬ ಭೇದವೂ ಇದೆ: ಗೆಳತಿಗೆ 'ತಿ', ಹಿರಿಯರಿಗೆ 'ವಿ'.

ಒಂದು ಕಡೆ ಮಾತ್ರ ಕನ್ನಡ ಕೈ ಕೊಡುತ್ತದೆ. ನಮಗೆ ಮನೆ, ಪುಸ್ತಕ ಎಲ್ಲವೂ ನಪುಂಸಕಲಿಂಗ. ಅವರ ಮನೆ ಗಂಡು, ಪುಸ್ತಕ ಹೆಣ್ಣು! "ಯಾಕ ಅಜ್ಜಾ?" ಎಂದಳು. "ಯಾಕಂತ ಕೇಳಬ್ಯಾಡ, ಬಾಯಿಪಾಠ ಮಾಡು" ಎಂದೆ.

ಅಂಕಿ ನನಗೆ ಬಲು ಇಷ್ಟವಾದ ಪಾಠ. ಅದೀನ್, ದ್ವಾ, ತ್ರೀ, ಚಿತೀರಿ, ಪ್ಯಾತ್. ದ್ವಿ, ತ್ರಿ, ಚತುರ್ ಕಿವಿಗೆ ಬಿದ್ದವೇ? ನೂರಕ್ಕೆ 'ಸ್ತೋ', ನಮ್ಮ ಶತದ ನೆಂಟ. ರಷ್ಯನ್ನೂ ಸಂಸ್ಕೃತವೂ ಒಂದೇ ದೊಡ್ಡ ಭಾಷಾಕುಟುಂಬದವು. ಸಂಸ್ಕೃತದಿಂದ ನಾವು ಪಡೆದ ಮಾತುಗಳು ಹೀಗೆ ನೆರವಿಗೆ ಬರುತ್ತವೆ. ರೊಕ್ಕ ಎಣಿಸುವಾಗ ಮಾತ್ರ ಎಚ್ಚರ: ಒಂದಾದರೆ 'ರೂಬ್ಲ್', ಎರಡರಿಂದ ನಾಲ್ಕು 'ರುಬ್ಲ್ಯಾ', ಐದಾದರೆ 'ರುಬ್ಲೇಯ್'. ಇಪ್ಪತ್ತೊಂದಕ್ಕೆ ಮತ್ತೆ 'ರೂಬ್ಲ್'!

ಮಕ್ಕಳಿಗೊಂದು ಒಗಟು. ರಷ್ಯನ್ ಅಕ್ಷರ 33. ಕೆಲವು ಇಂಗ್ಲಿಷಿನಂತೆ ಕಂಡರೂ ಸದ್ದು ಬೇರೆ. ಪಿ ಕಂಡರೆ 'ರ', ಸಿ ಕಂಡರೆ 'ಸ', ಎಚ್ ಕಂಡರೆ 'ನ' ಎಂದು ಓದಬೇಕು. ಪಿ, ಇ, ಸಿ, ಟಿ, ಓ, ಪಿ, ಎ, ಎಚ್ ಎಂದು ಬೋರ್ಡಿದ್ದರೆ ಅದು ಯಾವ ಅಂಗಡಿ? ಬರೆದು ನೋಡಿರಿ. ಹಸಿದಾಗ ಹೋಗುವ ಜಾಗ!

ಅವರ ನಮಸ್ಕಾರ 'ಜ್ದ್ರಾಸ್ತ್ವುಯ್ತೆ'. ನಾಲಿಗೆ ತಿರುಗಲು ನನಗೆ ನಾಲ್ಕು ದಿನ ಹಿಡಿಯಿತು. 'ಆರೋಗ್ಯವಾಗಿರಿ' ಎಂಬುದೇ ಅದರ ಮೂಲ ಅರ್ಥ. ಡಾಕ್ಟರಾಗುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಮಾತು ಯಾವುದಿದೆ?

ಅವಳು ಹೋದ ಮೇಲೆ ಫೋನಿನಲ್ಲಿ ನಾನು ಮೊದಲು ಕೇಳುವುದೂ "ಶ್ತೋ ಬಲೀತ್?" ಎಂದೇ. ದೂರದ ಊರು, ಚಳಿಯ ದೇಶ. ಅಪ್ಪ-ಅಮ್ಮನ ಮುಂದೆ ಹೇಳದ್ದನ್ನು ಅಜ್ಜನ ಮುಂದೆ ಹೇಳಿಯಾಳು.

ಈ ವಾರ ನೀವೂ ಅಜ್ಜ-ಅಜ್ಜಿಯ ಹತ್ತಿರ ಕೂತು "ಶ್ತೋ ಬಲೀತ್?" ಎಂದು ಕೇಳಿರಿ. ಮಂಡಿಯೋ ಸೊಂಟವೋ, ಉತ್ತರ ಕನ್ನಡದಲ್ಲೇ ಬರಲಿ. ಪೂರ್ತಿ ಕೇಳಿಸಿಕೊಂಡೇ ಏಳಿರಿ.