ಶಾಲೆಯಲ್ಲಿ ಕೌನ್ಸೆಲರ್ ಇರಲೇಬೇಕು ಎಂದಿದೆ ಸುಪ್ರೀಂ ಕೋರ್ಟ್: ಖಿನ್ನತೆಯಲ್ಲಿರುವ ಮಗುವಿನ ತಂದೆ-ತಾಯಿ ಯಾವ ಬಾಗಿಲು ತಟ್ಟಬೇಕು?



2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪು ನಮ್ಮ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದು. ಆದರೆ ಅದರ ಬಗ್ಗೆ ನಮ್ಮಲ್ಲಿ ಅಷ್ಟಾಗಿ ಚರ್ಚೆ ನಡೆದಿಲ್ಲ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳು 2023ರ ಜುಲೈನಲ್ಲಿ ತೀರಿಕೊಂಡಳು. ಆಕೆಯ ತಂದೆ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ ಆ ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಸಂಸ್ಥೆ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನಾದರೂ ಇಟ್ಟುಕೊಳ್ಳಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಏರ್ಪಾಡು ಮಾಡಿಕೊಳ್ಳಬೇಕು. ಶಿಕ್ಷಕರಿಗೂ ಉಳಿದ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಕಾನೂನು ಬರುವ ತನಕ ಇದೇ ಕಾನೂನಿನಂತೆ ನಡೆಯಬೇಕು.

ಆ ತೀರ್ಪಿನಲ್ಲೇ ಇರುವ ಸರ್ಕಾರಿ ಲೆಕ್ಕ ಹೀಗಿದೆ: 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ದೊಡ್ಡ ನಗರಗಳಲ್ಲಿ ಇದು ನೂರಕ್ಕೆ 13 ದಾಟಿತ್ತು. ಅಂದರೆ 40 ಮಕ್ಕಳ ನಗರದ ತರಗತಿಯೊಂದರಲ್ಲಿ ಐದು ಮಕ್ಕಳು. ಅವರಲ್ಲಿ ನಮ್ಮ ಮನೆಯ ಮಗು ಇರುವುದಿಲ್ಲ ಎಂದುಕೊಳ್ಳಲು ಯಾವ ಆಧಾರವೂ ಇಲ್ಲ.

ನಾನು ಜೋಗುಪಾಳ್ಯದಲ್ಲಿ ನಲವತ್ತು ವರ್ಷಗಳಿಂದ ಅಂಗಡಿ ನಡೆಸುತ್ತಿರುವವನು, ಡಾಕ್ಟರ್ ಅಲ್ಲ. ಸಮಾಜದ ಕೆಲಸ ಎಂದು ಆಸ್ಪತ್ರೆಗೆ ಯಾರನ್ನಾದರೂ ಕರೆದುಕೊಂಡು ಹೋಗಬೇಕಾದರೆ ನನ್ನನ್ನು ಕರೆಯುತ್ತಾರೆ, ಅಷ್ಟೆ. ಎರಡು ವರ್ಷದ ಕೆಳಗೆ ನಮ್ಮ ಬೀದಿಯ ಒಂದು ಮನೆಯವರು ಬಂದು, ಮಗ ಪಿಯುಸಿ ಓದುತ್ತಿದ್ದಾನೆ, ಕೋಣೆಯಿಂದ ಹೊರಗೆ ಬರುವುದಿಲ್ಲ, ಮಾತಾಡಿಸಿದರೆ ರೇಗುತ್ತಾನೆ, ರಾತ್ರಿ ನಿದ್ದೆ ಇಲ್ಲ ಎಂದರು. "ವಯಸ್ಸಿನ ಹಟ. ಪರೀಕ್ಷೆ ಮುಗಿಯಲಿ, ಸರಿಯಾಗುತ್ತಾನೆ" ಎಂದು ಹೇಳಿದವನು ನಾನೇ. ಹಿರಿಯರ ಮಾತು ಎಂದು ಅವರು ಕೇಳಿದರು. ನಾಲ್ಕು ತಿಂಗಳು ಹೋಯಿತು. ಆಮೇಲೆ ಬೋರ್ಡು ನೋಡಿ ಒಬ್ಬ ಕೌನ್ಸೆಲರ್ ಹತ್ತಿರ ಹೋದರು. ಆರು ವಾರ ಅಲ್ಲಿ ನಡೆದದ್ದು ಏಕಾಗ್ರತೆ ಮತ್ತು ನೆನಪಿನ ಶಕ್ತಿಯ ಪಾಠ. ಕಡೆಗೆ ಹುಡುಗನೇ ಒಂದು ರಾತ್ರಿ ತಾಯಿಯ ಹತ್ತಿರ "ನನಗೆ ಬದುಕುವುದು ಬೇಡ ಅನ್ನಿಸುತ್ತದೆ" ಎಂದ ಮೇಲೆ ಸರಿಯಾದ ಕಡೆ ಹೋದೆವು. ಈಗ ಅವನು ಚೆನ್ನಾಗಿದ್ದಾನೆ, ಡಿಗ್ರಿ ಓದುತ್ತಿದ್ದಾನೆ. ಆದರೆ ಆ ಐದೂವರೆ ತಿಂಗಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲು ತಿಳಿಯಬೇಕಾದದ್ದು, ಮಕ್ಕಳ ಖಿನ್ನತೆ ದೊಡ್ಡವರ ಖಿನ್ನತೆಯಂತೆ ಕಾಣುವುದಿಲ್ಲ. ಅಳುವುದಕ್ಕಿಂತ ಸಿಡುಕುವುದೇ ಹೆಚ್ಚು. ಹೊಟ್ಟೆನೋವು, ತಲೆನೋವು ಎಂದು ಶಾಲೆ ತಪ್ಪಿಸುವುದು, ಇಷ್ಟದ ಆಟ ಬಿಡುವುದು, ಸ್ನೇಹಿತರಿಂದ ದೂರವಾಗುವುದು, ನಿದ್ದೆ ಮತ್ತು ಊಟ ಏರುಪೇರಾಗುವುದು, ಅಂಕ ದಿಢೀರ್ ಕುಸಿಯುವುದು ಇದರ ಗುರುತುಗಳು. ಇಂಥವು ಎರಡು ವಾರ ಬಿಡದೆ ಇದ್ದರೆ ತೋರಿಸಬೇಕು. ನಮ್ಮ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ದಶಲಕ್ಷಣ ಪರ್ವದಲ್ಲಿ ಮಗು ಊಟ ಬಿಟ್ಟರೆ ನಾವು ಹೊಗಳುತ್ತೇವೆ. ಉಪವಾಸ ಮಾಡುವ ಮಗುವಿನಲ್ಲಿ ಉತ್ಸಾಹ ಇರುತ್ತದೆ, ಪಾರಣೆಯ ದಿನ ಸಂತೋಷ ಇರುತ್ತದೆ. ಪರ್ವ ಮುಗಿದ ಮೇಲೂ ಊಟ ಬೇಡ ಎನ್ನುವ ಮಗು ವ್ರತದಲ್ಲಿಲ್ಲ, ಕಷ್ಟದಲ್ಲಿದೆ.

ಈಗ ಯಾರ ಹತ್ತಿರ ಹೋಗಬೇಕು ಎಂಬ ಪ್ರಶ್ನೆ. ನನ್ನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರಿ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ದಂಡ. ಆದರೆ "ಕೌನ್ಸೆಲರ್" ಎಂದು ಬೋರ್ಡು ಹಾಕಿ ಮಗುವಿನ ಮನಸ್ಸನ್ನು ತೂಗುವವರಿಗೆ ಅಂಥ ಮುದ್ರೆ ಇನ್ನೂ ಇಲ್ಲ. ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿದವರೂ ಕೌನ್ಸೆಲರ್, ಹತ್ತು ವರ್ಷ ಮಕ್ಕಳೊಂದಿಗೆ ಕೆಲಸ ಮಾಡಿದವರೂ ಕೌನ್ಸೆಲರ್. 2021ರ ಕೇಂದ್ರ ಕಾಯ್ದೆಯೊಂದು ಆರೋಗ್ಯ ಕ್ಷೇತ್ರದ ಹಲವು ವೃತ್ತಿಗಳ ಜೊತೆ ಇವರನ್ನೂ ನೋಂದಣಿಗೆ ತರಲು ಹೊರಟಿದೆ. ಅದು ಪೂರ್ತಿ ಜಾರಿಯಾಗುವ ತನಕ ವಿಚಾರಿಸುವ ಹೊಣೆ ನಮ್ಮದೇ.

ನಾಲ್ಕು ಬಗೆಯವರಿದ್ದಾರೆ. ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಔಷಧಿ ಬರೆಯುವವರು ಅವರು. ಅವರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಎರಡನೆಯವರು ಕ್ಲಿನಿಕಲ್ ಸೈಕಾಲಜಿಸ್ಟ್. ಪರೀಕ್ಷೆ ಮಾಡಿ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಮೂರನೆಯವರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಮನೆಯವರನ್ನೂ ಶಾಲೆಯನ್ನೂ ಜೊತೆಗೆ ಸೇರಿಸಿಕೊಂಡು ಕೆಲಸ ಮಾಡುತ್ತಾರೆ. ನಾಲ್ಕನೆಯವರು ಕೌನ್ಸೆಲರ್. ಪರೀಕ್ಷೆಯ ಭಯ, ಸ್ನೇಹಿತರ ಜಗಳ, ಮನೆಯಲ್ಲಿನ ಮನಸ್ತಾಪ ಇಂಥದ್ದಕ್ಕೆ ಒಳ್ಳೆಯ ಕೌನ್ಸೆಲರ್ ಸಾಕು. ಆದರೆ ಖಿನ್ನತೆ ಎಂಬ ಅನುಮಾನವಿದ್ದರೆ ಮೊದಲು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಒಮ್ಮೆ ನೋಡಲಿ. ಕೌನ್ಸೆಲಿಂಗ್ ಸಾಕೋ, ಔಷಧಿಯೂ ಬೇಕೋ ಎಂದು ಅವರು ಹೇಳಲಿ. ನಾವು ತಪ್ಪಿದ್ದು ಈ ಕ್ರಮದಲ್ಲೇ.

ಯಾರ ಹತ್ತಿರ ಹೋದರೂ ಮೊದಲ ದಿನವೇ ನಾಲ್ಕು ಮಾತು ಕೇಳಿ. ಏನು ಓದಿದ್ದೀರಿ, ನೋಂದಣಿ ಇದೆಯೇ? ಈ ವಯಸ್ಸಿನ ಮಕ್ಕಳೊಂದಿಗೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ? ಕೆಲವು ವಾರದಲ್ಲಿ ಸುಧಾರಿಸದಿದ್ದರೆ ಯಾವ ಮನೋವೈದ್ಯರ ಹತ್ತಿರ ಕಳಿಸುತ್ತೀರಿ? ಮಗು ಹೇಳಿದ್ದರಲ್ಲಿ ಯಾವುದನ್ನು ನಮಗೆ ತಿಳಿಸುತ್ತೀರಿ, ಯಾವುದನ್ನು ಇಲ್ಲ? ಒಳ್ಳೆಯವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಕೊನೆಯ ಪ್ರಶ್ನೆಗೆ "ಎಲ್ಲವನ್ನೂ ಹೇಳುತ್ತೇನೆ" ಎಂದರೆ ಅದು ಒಳ್ಳೆಯ ಉತ್ತರವಲ್ಲ. ಪ್ರಾಣಕ್ಕೆ ಅಪಾಯವಿರುವ ಮಾತು ಬಂದರೆ ತಂದೆ-ತಾಯಿಗೆ ತಿಳಿಸುತ್ತಾರೆ. ಉಳಿದದ್ದು ಗುಟ್ಟಾಗಿರುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಮಗು ಬಾಯಿ ಬಿಡುತ್ತದೆ. ಮುಖ್ಯವಾಗಿ, ಮಗುವಿನ ಭಾಷೆ ಬಲ್ಲವರನ್ನು ನೋಡಿ. ಮನೆಯಲ್ಲಿ ಕನ್ನಡ ಆಡುವ ಮಗು ದುಃಖವನ್ನು ಇಂಗ್ಲಿಷಿನಲ್ಲಿ ಹೇಳಲು ತಡಕಾಡಬಾರದು.

ನಮ್ಮ ಜೋಗುಪಾಳ್ಯ, ಹಲಸೂರು ಕಡೆಯವರಿಗೆ ಹತ್ತಿರದ ಸರ್ಕಾರಿ ಬಾಗಿಲು ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ. ಅಲ್ಲಿ ಮನೋವೈದ್ಯ ವಿಭಾಗವಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಬಿಡುವು ಮಾಡಿಕೊಂಡು ಹೋಗಿ. "ನಿಮ್ಹಾನ್ಸ್" ಎಂಬ ಹೆಸರಿಗೇ ಹೆದರುವವರಿಗೆ ಅದೇ ಸಂಸ್ಥೆಯ ಸ್ವಾಸ್ಥ್ಯ ಕೇಂದ್ರ ಬಿಟಿಎಂ ಲೇಔಟ್‌ನಲ್ಲಿದೆ. ಆಸ್ಪತ್ರೆಯ ವಾತಾವರಣ ಇಲ್ಲದೆ ಕೌನ್ಸೆಲಿಂಗ್ ಸಿಗುತ್ತದೆ. ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಇಂದಿರಾನಗರದಲ್ಲಿ ಪರಿವರ್ತನ್ ಎಂಬ ಕೌನ್ಸೆಲಿಂಗ್ ಮತ್ತು ತರಬೇತಿ ಸಂಸ್ಥೆ ಬಹಳ ವರ್ಷಗಳಿಂದ ನಡೆಯುತ್ತಿದೆ. ಖಾಸಗಿಯಲ್ಲಿ ಒಂದು ಸಲದ ಭೇಟಿಗೆ ಸಾವಿರ ರೂಪಾಯಿಗೂ ಮೇಲೆ ಆಗುವುದು ಸಾಮಾನ್ಯ, ಒಂದೆರಡು ಭೇಟಿಗೆ ಮುಗಿಯುವುದೂ ಇಲ್ಲ. ಆದ್ದರಿಂದ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಬೇರೆ ಜಿಲ್ಲೆಗಳ ಬಾಂಧವರು ಬೆಂಗಳೂರಿಗೆ ಓಡಿಬರಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 1985ರಲ್ಲಿ, ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ. ಅದನ್ನೇ ಮಾದರಿಯಾಗಿಟ್ಟು 1996ರಲ್ಲಿ ದೇಶಕ್ಕೆ ವಿಸ್ತರಿಸಿದರು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಿ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಎಲ್ಲರಿಗೂ ಇರುವ ಒಂದು ಬಾಗಿಲು ಟೆಲಿ ಮಾನಸ್: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸರ್ಕಾರಿ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮಗು ಮಾತ್ರವಲ್ಲ, ಏನು ಮಾಡಬೇಕೆಂದು ತಿಳಿಯದ ತಾಯಿಯೂ ಫೋನ್ ಮಾಡಬಹುದು.

ಔಷಧಿಯ ವಿಷಯದಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ಮಕ್ಕಳ ಖಿನ್ನತೆಗೆ ಹೆಚ್ಚಾಗಿ ಕೊಡುವ ಫ್ಲೂಆಕ್ಸೆಟಿನ್ ಔಷಧಿ ಸಾಮಾನ್ಯವಾಗಿ ಕ್ಯಾಪ್ಸೂಲಿನಲ್ಲಿ ಬರುತ್ತದೆ. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜೆಲಟಿನ್ ಎಂದು ತಿಳಿದು, ಡಾಕ್ಟರಿಗೆ ಹೇಳದೆ ಔಷಧಿಯನ್ನೇ ನಿಲ್ಲಿಸಿದ ಮನೆಗಳನ್ನು ಕಂಡಿದ್ದೇನೆ. ಮುಚ್ಚಿಡಬೇಡಿ. "ನಾವು ಜೈನರು, ಮಾತ್ರೆಯ ರೂಪದಲ್ಲಿ ಬರೆದುಕೊಡಿ, ಸೂರ್ಯಾಸ್ತದ ಮೊದಲು ತೆಗೆದುಕೊಳ್ಳುವಂತೆ ಹೊಂದಿಸಿ" ಎಂದು ನೇರವಾಗಿ ಕೇಳಿ. ದಾರಿ ಇರುತ್ತದೆ. ಈ ಔಷಧಿ ಕೆಲಸ ಮಾಡಲು ಕೆಲವು ವಾರ ಬೇಕು. ಆರಂಭದ ವಾರಗಳಲ್ಲಿ ಮಗುವಿನ ಮೇಲೆ ಹೆಚ್ಚು ನಿಗಾ ಬೇಕು. ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು. ಜಪ, ಸ್ವಾಧ್ಯಾಯ, ಮುನಿಗಳ ದರ್ಶನ ಮನಸ್ಸಿಗೆ ಬಲ ಕೊಡುತ್ತವೆ, ನಡೆಯಲಿ. ಸಕ್ಕರೆ ಕಾಯಿಲೆಗೆ ಜಪವನ್ನೂ ಮಾಡುತ್ತೇವೆ, ಮಾತ್ರೆಯನ್ನೂ ತೆಗೆದುಕೊಳ್ಳುತ್ತೇವೆ. ಇದಕ್ಕೂ ಹಾಗೆಯೇ.

ಮಗುವಿನ ಮಾತಿನಲ್ಲಿ ಸಾವಿನ ಸುಳಿವು ಕಂಡರೆ "ಹಾಗೆ ಅನ್ನಿಸುತ್ತಿದೆಯಾ?" ಎಂದು ಕೇಳಲು ಹೆದರಬೇಡಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಬೇರೆ ಊರಿನಲ್ಲಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗೌಪ್ಯವಾಗಿರಬೇಕು. ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು. ಆಸ್ಪತ್ರೆಗೆ ದಾಖಲಾಗದ ಹೊರರೋಗಿ ಭೇಟಿಗಳಿಗೆ ಸಾಧಾರಣ ಪಾಲಿಸಿಯಲ್ಲಿ ಹಣ ಬರುವುದು ಕಡಿಮೆ. ನಿಮ್ಮ ಪಾಲಿಸಿ ತೆಗೆದು ಓದಿ.

ಮತ್ತೆ ತೀರ್ಪಿಗೆ ಬರುತ್ತೇನೆ. ಶಾಲೆಗೆ ಕೌನ್ಸೆಲರ್ ಬಂದರೆ ಅದು ಮೊದಲ ಮೆಟ್ಟಿಲು, ಚಿಕಿತ್ಸೆ ಅಲ್ಲ. ಮುಂದಿನ ಪೋಷಕರ ಸಭೆಯಲ್ಲಿ "ಯಾರು ನಿಮ್ಮ ಕೌನ್ಸೆಲರ್, ಅವರ ಅರ್ಹತೆ ಏನು, ವಾರಕ್ಕೆ ಎಷ್ಟು ದಿನ ಬರುತ್ತಾರೆ?" ಎಂದು ಕೇಳಿ. ಅಂಕದ ಬಗ್ಗೆ ಕೇಳುವಷ್ಟೇ ಸಹಜವಾಗಿ ಕೇಳಿ. ಇನ್ನೊಂದು ಮಾತು ನಮ್ಮ ಟ್ರಸ್ಟ್‌ಗಳಿಗೆ. ಈ ಮಾರ್ಗಸೂಚಿಗಳು ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರಗಳಿಗೆ ಮಾತ್ರವಲ್ಲ, ವಿದ್ಯಾರ್ಥಿ ನಿಲಯಗಳಿಗೂ ಅನ್ವಯಿಸುತ್ತವೆ. ಸಮಾಜ ನಡೆಸುವ ಹಾಸ್ಟೆಲುಗಳಲ್ಲಿ ಊಟ ಚೆನ್ನಾಗಿದೆ, ಶಿಸ್ತು ಚೆನ್ನಾಗಿದೆ. ಗೋಡೆಯ ಮೇಲೆ 14416 ದೊಡ್ಡ ಅಕ್ಷರದಲ್ಲಿ ಇದೆಯೇ? ಮನೆ ಬಿಟ್ಟು ಬಂದ 16ರ ಮಗು ರಾತ್ರಿ ಯಾರ ಹತ್ತಿರ ಮಾತಾಡಬೇಕು ಎಂದು ವಾರ್ಡನ್‌ಗೆ ಗೊತ್ತಿದೆಯೇ? ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿ.

ಮದುವೆ ಸಂಬಂಧಕ್ಕೆ ತೊಂದರೆಯಾದೀತು ಎಂದು ಮುಚ್ಚಿಡುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಮಗು ಉಳಿಯಲಿ. ಯಾರಾದರೂ ಹಿರಿಯರು "ಪರೀಕ್ಷೆ ಮುಗಿಯಲಿ" ಎಂದರೆ, ಹಾಗೆ ಹೇಳಿ ಆಮೇಲೆ ಪಶ್ಚಾತ್ತಾಪಪಟ್ಟ ಜೋಗುಪಾಳ್ಯದ ಒಬ್ಬ ಅಂಗಡಿಯವನ ಸಂಗತಿ ಅವರಿಗೂ ತಿಳಿಸಿ.